ಮುಚ್ಚಳ ಮಾತ್ರ ಮನೆಯಲ್ಲಿತ್ತು

ಲೋಕ ನಿಂತಿರುವುದೇ ದಯೆಯ ಮೇಲೆ ಎಂಬುದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ದಿನಕ್ಕೊಂದರಂತೆ ಅಭ್ಯಾಸ ಮಾಡತೊಡಗಿದರೆ ಮನೆಯಲ್ಲಿ ಪಾತ್ರೆ ಉಳಿಯುವುದಿಲ್ಲ ಎಂಬುದು ಮಾತ್ರ ಇತ್ತೀಚೆಗೆ ತಿಳಿಯಿತು.

ಮೊನ್ನೆ ಬೆಳಿಗ್ಗೆ ಕಾಫಿಪುಡಿ ಹುಡುಕುತ್ತಿದ್ದಾಗ ಅಡುಗೆಮನೆಯ ಕಪಾಟಿನ ಹಿಂದೆ ಒಂದು ಸ್ಟೀಲಿನ ಮುಚ್ಚಳ ಕೈಗೆ ಸಿಕ್ಕಿತು. ಡಬ್ಬಿಯಿಲ್ಲದ ಮುಚ್ಚಳದಷ್ಟು ಪೆಚ್ಚಾದ ವಸ್ತು ಇನ್ನೊಂದಿಲ್ಲ; ನಿವೃತ್ತನಾದ ಮೇಲೆ ನನಗೆ ಅಂಥವುಗಳ ಮೇಲೆ ಸ್ವಲ್ಪ ಮಮತೆ ಹೆಚ್ಚು. ಇದರ ಮೇಲೆ ನಮ್ಮಮ್ಮನ ಹೆಸರು ಬೇರೆ ಇತ್ತು. ಪಾತ್ರೆ ಅಂಗಡಿಯವನು ಗರ್ರೆನ್ನುವ ಮಶೀನಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ‘ಸೀತಮ್ಮ’. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಅವಳ ಪಾತ್ರೆಗಳಲ್ಲಿ ನನ್ನ ಪಾಲಿಗೆ ಬಂದದ್ದು ಆ ಡಬ್ಬಿಯೊಂದೇ. ಅದು ಮನೆ ಬಿಟ್ಟು ಆಗಲೇ ಒಂದು ತಿಂಗಳಾಗಿತ್ತು.

ತಪ್ಪು ನನ್ನದೇ, ಒಪ್ಪಿಕೊಂಡುಬಿಡುತ್ತೇನೆ. ಮಕ್ಕಳು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಪುಸ್ತಕದಲ್ಲಿ ಬರೆದು ತರಬೇಕು, ಮನೆಯ ಹಿರಿಯರು ಪ್ರೋತ್ಸಾಹಿಸಿ ಸಹಿ ಹಾಕಬೇಕು ಎಂದು ಮೊಮ್ಮಗಳು ಸಿರಿಯ ಶಾಲೆಯಿಂದ ಚೀಟಿ ಬಂತು. ನನ್ನನ್ನು ಯಾರಾದರೂ ಹಿರಿಯರು ಎಂದು ಕರೆದು ಬಹಳ ದಿನವಾಗಿತ್ತು. ಪ್ರೋತ್ಸಾಹಿಸಿದೆ.

ಮೊದಲ ಫಲ ಕಂಡದ್ದು ಬನಶಂಕರಿಯ ನಮ್ಮ ಮಾಮೂಲಿ ದರ್ಶಿನಿಯಲ್ಲಿ, ಭಾನುವಾರ. ದೋಸೆಗೆ ಸಾಲು. ಸಿರಿ ಹಿಂದೆ ನಿಂತವರನ್ನೆಲ್ಲ “ನೀವು ಹೋಗಿ ಆಂಟಿ, ನೀವು ಹೋಗಿ ಅಂಕಲ್” ಎಂದು ಒಬ್ಬೊಬ್ಬರನ್ನಾಗಿ ಮುಂದಕ್ಕೆ ಬಿಡತೊಡಗಿದಳು. ಜನ ಸಂಕೋಚಪಡುತ್ತಾರೆಂದು ಕಾದೆ. ನಮ್ಮ ಕಡೆ ದೋಸೆಯ ವಿಷಯದಲ್ಲಿ ಸಂಕೋಚಪಡುವವರಿಲ್ಲ. ಸರದಿ ಬಂದಾಗ ಹಿಟ್ಟು ಮುಗಿದಿತ್ತು. ಅವಳು ಏಳು ಜನಕ್ಕೆ ಉಪಕಾರ ಮಾಡಿದೆನೆಂದು ಬರೆದುಕೊಂಡಳು. ನಾನು ಆರಿದ ಇಡ್ಲಿ ತಿಂದು ಸಹಿ ಹಾಕಿದೆ.

ಹೊಟ್ಟೆಯ ಸಂಕಟಕ್ಕೋ ಏನೋ, ದಯೆಗೂ ಒಂದು ಕ್ರಮವಿದೆ ಎಂದು ಆ ಸಂಜೆ ಅವಳನ್ನು ಕೂರಿಸಿಕೊಂಡು ಉಪದೇಶ ಶುರುಮಾಡಿದೆ. ನಿದರ್ಶನಕ್ಕೆ ಅಮ್ಮನನ್ನೇ ಕರೆತಂದೆ.

ಆಗ ನಾವು ತ್ಯಾಗರಾಜನಗರದಲ್ಲಿದ್ದೆವು. ಹಿತ್ತಲ ಕೋಣೆಯಲ್ಲಿ ಒಬ್ಬ ಗುಮಾಸ್ತರು ಬಾಡಿಗೆಗಿದ್ದರು, ಒಂಟಿ ಜೀವ. ಅವರಿಗೆ ಜ್ವರ ಬಂದಾಗ ಅಮ್ಮ ಇದೇ ಡಬ್ಬಿಗೆ ಅನ್ನ, ತಿಳಿಸಾರು ಕಲಸಿ ಹಾಕಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಗೋಲಿ ಆಟ ಅರ್ಧಕ್ಕೆ ನಿಂತಿತ್ತು. ಇನ್ನೊಮ್ಮೆ ಯಾರು ಬರುತ್ತಾರೆಂದು ಡಬ್ಬಿ ವಾಪಸ್ಸು ತೆಗೆದುಕೊಂಡೇ ಹೋಗೋಣವೆಂದು ಬಾಗಿಲಲ್ಲೇ ನಿಂತೆ. ಆ ಮನುಷ್ಯ ಗಾಬರಿಯಾಗಿ, ನಡುಗುತ್ತ ಎದ್ದು, ಬಿಸಿ ಅನ್ನವನ್ನು ತಟ್ಟೆಗೆ ಸುರಿದುಕೊಂಡು, ನಲ್ಲಿಯವರೆಗೆ ಹೋಗಿ ಡಬ್ಬಿ ತೊಳೆದು ಕೊಟ್ಟರು. ನಾನು ಗೆದ್ದವನಂತೆ ಮನೆಗೆ ಬಂದೆ. ಅಮ್ಮ ಒದ್ದೆ ಡಬ್ಬಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

“ಜ್ವರ ಬಂದೋರ ಕೈಲಿ ಪಾತ್ರೆ ತೊಳೆಸ್ಕೊಂಡು ಬಂದ್ಯಾ? ಕೊಟ್ಟ ಮೇಲೆ ಬಾಗಿಲಲ್ಲಿ ನಿಂತ್ಕೋಬಾರ್ದು ಕಣೋ.”

ಏಟು ಬಿದ್ದಿದ್ದರೆ ಮರೆತುಹೋಗುತ್ತಿತ್ತು. ಬೀಳಲಿಲ್ಲ.

ಈ ಕಥೆಯನ್ನು ನಾನು ಸಿರಿಗೆ ಬಹಳ ಗಂಭೀರವಾಗಿ, ಕೊನೆಯಲ್ಲಿ ಕಣ್ಣು ಮುಚ್ಚಿ ಹೇಳಿದೆ. ಮಕ್ಕಳು ನಮ್ಮ ಮಾತು ಕೇಳುವುದಿಲ್ಲ ಎನ್ನುತ್ತಾರಲ್ಲ, ಎಂಥ ಸಮಾಧಾನದ ಮಾತದು! ಇವಳು ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆಯೇ ನಮ್ಮ ರಸ್ತೆ ಗುಡಿಸುವ ಮುನಿಯಮ್ಮನಿಗೆ ಆ ಡಬ್ಬಿಯ ತುಂಬ ಚಿತ್ರಾನ್ನ ಕೊಟ್ಟು, ಒಂದು ಕ್ಷಣವೂ ನಿಲ್ಲದೆ ಒಳಗೆ ಓಡಿಬಂದಳು. ಅನ್ನ ಗೋಪುರವಾಗಿದ್ದರಿಂದ ಮುಚ್ಚಳ ಕೂರದೆ ಬಾಳೆಲೆಯ ಚೂರು ಮುಚ್ಚಿದ್ದಳಂತೆ.

ಡಬ್ಬಿ ಆ ದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಹೆಂಡತಿಗೆ ಹೇಳಿದರೆ, “ನಿಮ್ಮಮ್ಮನ ಡಬ್ಬಿ, ನೀವೇ ಕೇಳಿ” ಎಂದಳು. ದಿನಾ ಪೇಪರ್ ಹಿಡಿದು ಗೇಟಿನ ಬಳಿ ನಿಂತು, ಚಿತ್ರಾನ್ನ ಚೆನ್ನಾಗಿತ್ತೇ ಎಂದು ಮುನಿಯಮ್ಮನನ್ನು ಕೇಳುತ್ತಿದ್ದೆ. ಚೆನ್ನಾಗಿತ್ತು ಎನ್ನುತ್ತಿದ್ದಳು. ಮೂರು ವಾರದ ಹಿಂದಿನ ಚಿತ್ರಾನ್ನವನ್ನು ಎಷ್ಟು ಸಲ ವಿಚಾರಿಸುವುದು, ನೀವೇ ಹೇಳಿ. ಕೊನೆಗೆ ಸಿರಿಗೇ, ಹೋಗಿ ಕೇಳು ಎಂದೆ.

“ಕೊಟ್ಟ ಮೇಲೆ ನಿಂತ್ಕೋಬಾರ್ದು ಅಂತ ನೀನೇ ಹೇಳಿದ್ಯಲ್ಲ ತಾತ. ಸುಳ್ಳಾ ಅದು?”

ಹಾಗಾಗಿ ಮೊನ್ನೆ ಮುಚ್ಚಳ ಸಿಕ್ಕಾಗ ನನಗೊಂದು ಉಪಾಯ ಹೊಳೆಯಿತು. ಬಾಯಿಬಿಟ್ಟು ಕೇಳುವುದು ಬೇಡ. ಮುಚ್ಚಳ ಹಿಡಿದು ಸುಮ್ಮನೆ ಗೇಟಿನಲ್ಲಿ ನಿಂತರೆ ಸಾಕು, ಉಳಿದದ್ದು ಮುನಿಯಮ್ಮನಿಗೇ ಹೊಳೆಯುತ್ತದೆ. ನಿಂತೆ. ಸಿರಿ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತ ನೋಡುತ್ತಿದ್ದಳು.

ಮುನಿಯಮ್ಮನ ಮುಖ ಅರಳಿತು. “ಸಿಕ್ತಾ ಸಾರ್? ಪಾಪು ಹುಡುಕಿ ಕೊಡ್ತೀನಿ ಅಂದಿತ್ತು. ನನ್ ಮಗಳು ಗಾರ್ಮೆಂಟ್ಸ್‌ಗೆ ಅದ್ರಲ್ಲೇ ಊಟ ತಗೊಂಡೋಗೋದು. ತಟ್ಟೆ ಮುಚ್ಚಿ ಬಟ್ಟೆ ಕಟ್ತೀವಿ, ಆದ್ರೂ ಬಸ್ಸಲ್ಲಿ ಸಾರೆಲ್ಲ ಚೆಲ್ಲೋಯ್ತದೆ.”

ಮುಚ್ಚಳ ನನ್ನ ಕೈಯಿಂದ ಅವಳ ಕೈಗೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಸೆರಗಿನಲ್ಲಿ ಒರೆಸುತ್ತ, ಅದರ ಮೇಲಿನ ಹೆಸರು ಯಾರದೆಂದು ಕೇಳಿದಳು. ನಮ್ಮಮ್ಮನದು ಎಂದೆ. ಒರೆಸುತ್ತಿದ್ದ ಕೈ ನಿಂತಿತು.

“ವಾಪಸ್ ಬೇಕಿತ್ತಾ ಸಾರ್?”

ತಿಂಗಳಿಡೀ ಕಾದಿದ್ದ ಪ್ರಶ್ನೆ. ಉತ್ತರವೂ ಸಿದ್ಧವಾಗಿತ್ತು, ತುಟಿಯವರೆಗೆ ಬಂದಿತ್ತು. ಮೆಟ್ಟಿಲ ಮೇಲೆ ಬ್ರಶ್ಶಿನ ಸದ್ದು ನಿಂತದ್ದು ಕೇಳಿಸಿತು. ಒದ್ದೆ ಡಬ್ಬಿ ಹಿಡಿದು ನಿಂತ ಅಮ್ಮನ ಮುಖವೂ ಯಾಕೋ ಅದೇ ಹೊತ್ತಿಗೆ ನೆನಪಾಯಿತು.

“ಬೇಡಮ್ಮ,” ಎಂದೆ. “ಮುಚ್ಚಳ ಸ್ವಲ್ಪ ಬಿಗಿ. ಒತ್ತಿ ಹಾಕ್ಬೇಕು.”

ಅಲ್ಲಿ ನಿಲ್ಲುವಂತಿರಲಿಲ್ಲವಲ್ಲ, ಒಳಗೆ ಬಂದೆ. ಸಿರಿ ಆ ದಿನದ ಒಳ್ಳೆಯ ಕೆಲಸವೆಂದು ಅದನ್ನು ತನ್ನ ಹೆಸರಿಗೇ ಬರೆದುಕೊಂಡಳು. ಸಹಿ ಹಾಕಿದೆ.

ಡಬ್ಬಿ, ಮುಚ್ಚಳ ಎರಡೂ ಈಗ ದಿನಾ ಎಂಟು ಗಂಟೆಯ ಬಸ್ಸಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುತ್ತವೆ.