ಬೆಳ್ಳಾವಿ ತೋಟದಲ್ಲಿ ಲೂಪ್‌ಲೈನ್

ಶಿರಾ ಗೇಟಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬ್ರೇಕ್ ಶೂ ಕೇಳಿದರೆ, ಷಡಕ್ಷರಿ ಕೌಂಟರಿನ ಗಾಜಿನ ಮೇಲೆ ಬೆರಳಲ್ಲಿ ನಾಲ್ಕು ಏಟು ಬಡಿದೇ ಒಳಗೆ ಹೋಗುತ್ತಾನೆ. ಮೂವತ್ತಕ್ಕೆ ಎರಡು ವರ್ಷ ಕಮ್ಮಿ ಇರುವ ಈ ಬೆಳ್ಳಾವಿಯ ಹುಡುಗ ಒಂದು ಕಾಲದಲ್ಲಿ, ಅಂದರೆ ಹೋದ ವರ್ಷ, ರಾಕ್ ಬ್ಯಾಂಡೊಂದರ ಡ್ರಮ್ಮರ್ ಆಗಿದ್ದ. ನಗಬೇಡಿ, ಆಗ ನಕ್ಕವರು ಬೇಕಾದಷ್ಟು ಜನ ಇದ್ದರು.

ಬ್ಯಾಂಡಿನ ಹೆಸರು ಲೂಪ್‌ಲೈನ್. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರ್ ರೈಲನ್ನು ಪಕ್ಕದ ಹಳಿಯಲ್ಲಿ ನಿಲ್ಲಿಸಿಬಿಡುತ್ತಾರಲ್ಲ, ಆ ಹಳಿ. ಕ್ಯಾತ್ಸಂದ್ರದಲ್ಲಿ ಹಾಗೆ ನಿಂತ ರೈಲಿನೊಳಗೆ ಬೆವರುತ್ತಾ ಕೂತು ಸಿದ್ದಾರ್ಥ ಮೊದಲ ಹಾಡು ಬರೆದಿದ್ದ. ಅವನು ಕಾಲೇಜೊಂದರಲ್ಲಿ ಲೆಕ್ಚರರ್. ಕೈಯಲ್ಲಿ ಗಿಟಾರು, ಮೂಗಿನ ತುದಿಯಲ್ಲಿ ಕೋಪ. ಇಂಗ್ಲೆಂಡಿನ ಯಾವುದೋ ಊರಿನ ಗ್ಯಾರೇಜಿನಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ ಹಾಡುವ ಹುಡುಗರ ವಿಡಿಯೋ ನೋಡಿ ನೋಡಿ, ನಾವೂ ಹಾಗೇ ಇರೋಣ ಎಂದು ತೀರ್ಮಾನಿಸಿದ. ಕಂಪನಿಗಳೂ ಅವನ ಮಾತಿಗೆ ಮರ್ಯಾದೆ ಕೊಟ್ಟು ಇವರ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯವಳು ಗುಬ್ಬಿಯ ರೂಪಶ್ರೀ. ವಾರವೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ, ಭಾನುವಾರ ಸ್ಕೂಟರಿನ ಹಿಂದೆ ಬೇಸ್ ಗಿಟಾರು ಕಟ್ಟಿಕೊಂಡು ಬರುತ್ತಿದ್ದಳು.

ಸಿದ್ದಾರ್ಥ ರೈಲಿನಲ್ಲಿ ಬರೆದ ಆ ಹಾಡು ಏಳು ನಿಮಿಷದ್ದು. ಮೊದಲ ಮೂರು ನಿಮಿಷ ಯಾರೂ ಬಾಯಿಯೇ ಬಿಡುವುದಿಲ್ಲ, ಯಾಕೆಂದರೆ ರೈಲು ನಿಂತಿರುತ್ತದೆ. ಅದು ಹೊರಡುವುದು ಕೊನೆಯ ನಿಮಿಷದಲ್ಲಿ, ಷಡಕ್ಷರಿಯ ಡ್ರಮ್ಮಿನಿಂದ. ಆ ಒಂದು ನಿಮಿಷಕ್ಕಾಗಿಯೇ ಅವನು ಬ್ಯಾಂಡಿನಲ್ಲಿದ್ದ. ಅದನ್ನು ಯಾರಾದರೂ ಒಮ್ಮೆ ಕೂತು ಕೇಳಿಬಿಟ್ಟರೆ ಸಾಕು ಎಂಬುದೊಂದೇ ಅವನ ಆಸೆ.

ಕ್ಯಾತ್ಸಂದ್ರದ ಕಾಲೇಜು ಸಮಾರಂಭದಲ್ಲಿ ನಾಲ್ಕನೇ ನಿಮಿಷಕ್ಕೆ ಕರೆಂಟು ಹೋಯಿತು. ಕುಣಿಗಲ್ಲಿನ ರಿಸೆಪ್ಷನ್ನಿನಲ್ಲಿ ಐದನೇ ನಿಮಿಷಕ್ಕೆ ಹೆಣ್ಣಿನ ಕಡೆಯವರೊಬ್ಬರು ಮೈಕು ಕಿತ್ತುಕೊಂಡು, “ಎರಡನೇ ಪಂಕ್ತಿ ರೆಡಿ ಇದೆ, ದಯವಿಟ್ಟು ಎಲ್ರೂ ಊಟಕ್ಕೆ ಏಳ್ಬೇಕು” ಎಂದರು. ಎಲ್ಲರೂ ಎದ್ದರು, ಮದುಮಕ್ಕಳೂ ಎದ್ದರು. ಗುಬ್ಬಿಯ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಆರನೇ ನಿಮಿಷದವರೆಗೆ ಜನ ಇದ್ದರು. ಆಮೇಲೆ ಮುಖ್ಯ ಅತಿಥಿ ಬಂದರು. ಒಟ್ಟಿನಲ್ಲಿ ಪ್ರಗತಿ ಇತ್ತು, ಇಲ್ಲವೆನ್ನಲಾಗದು.

ಅಭ್ಯಾಸ ನಡೆಯುತ್ತಿದ್ದುದು ಬೆಳ್ಳಾವಿಯಲ್ಲಿ, ಷಡಕ್ಷರಿಯ ಅಪ್ಪನ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ. ಒಂದು ಭಾನುವಾರ ಬೆಳಗ್ಗೆ ಪಕ್ಕದ ತೋಟದ ಸದಾಶಿವಯ್ಯ ದೊಣ್ಣೆ ಹಿಡಿದುಕೊಂಡೇ ಬಾಗಿಲಿಗೆ ಬಂದ. ಮೂವರೂ ಬಾರಿಸುವುದು ನಿಲ್ಲಿಸಿದರು.

“ನಮ್ ತೋಟಕ್ಕೂ ಬಂದು ಬಾರ್ಸ್ರಪ್ಪಾ” ಎಂದ ಸದಾಶಿವಯ್ಯ.

“ಏನ್ ದೊಡ್ಡಪ್ಪ?” ಎಂದ ಷಡಕ್ಷರಿ. ಕಿವಿಯನ್ನೇ ನಂಬಲಾಗಲಿಲ್ಲ.

“ನೀವು ಶುರು ಹಚ್ಕಂಡಾಗ್ಲಿಂದ ನಿಮ್ ತೋಟದಾಗೆ ಒಂದ್ ಕೋತಿ ಇಲ್ಲ ಕಣ್ಲಾ. ಎಲ್ಲಾ ನಮ್ ಕಡೀಕೇ ಬಂದು ಎಳನೀರು ಕಿತ್ತಾಕ್ತಾ ಅವೆ. ಪಟಾಕಿ ಹೊಡ್ದೂ ಹೊಡ್ದೂ ಸಾಕಾಗೋಯ್ತು.”

ಬ್ಯಾಂಡು ಶುರುವಾದ ಹದಿನಾಲ್ಕು ತಿಂಗಳಲ್ಲಿ ತಾನಾಗಿ ಬಂದು ಬ್ಯಾಂಡನ್ನು ಕರೆದವನು ಇವನೊಬ್ಬನೇ. ಷಡಕ್ಷರಿ ಒಳಗೊಳಗೇ ಖುಷಿಪಟ್ಟು, ಬರ್ತೀವಿ ಎಂದು ಮಾತು ಕೊಟ್ಟುಬಿಟ್ಟ. ಸಿದ್ದಾರ್ಥ ಮಾತ್ರ ಸದಾಶಿವಯ್ಯ ಬೇಲಿ ದಾಟುವುದನ್ನೇ ಕಾದಿದ್ದು ಸಿಡಿದ.

“ಪಟಾಕಿ ಬದ್ಲು ನಾವಾ? ನಾನ್ ಹಾಡ್ ಬರ್ದಿರೋದು ಕೋತಿ ಓಡ್ಸೋಕಲ್ಲ ಕಣೋ!”

“ಮನುಷ್ರನ್ನ ಓಡ್ಸಿದ್ದಾಯ್ತಲ್ಲ, ಇನ್ನೇನು ಬುಡು” ಎಂದುಬಿಟ್ಟ ಷಡಕ್ಷರಿ.

ಆ ಮಾತು ಆಡಬಾರದಿತ್ತು. ಸಿದ್ದಾರ್ಥ ಗಿಟಾರನ್ನು ಚೀಲಕ್ಕೆ ತುಂಬಿ, ಬೈಕ್ ಒದ್ದು ಹೊರಟೇಹೋದ. ಲೂಪ್‌ಲೈನಿನ ಕಥೆ ಅಲ್ಲಿಗೆ ಮುಗಿಯಿತು ಎನ್ನುವವರಿದ್ದಾರೆ. ತನ್ನ ನಾಲಿಗೆಯೇ ಅದನ್ನು ಮುಗಿಸಿದ್ದು ಎಂದು ಷಡಕ್ಷರಿಗೆ ಇವತ್ತಿಗೂ ಬೇಜಾರಿದೆ.

ಆದರೆ ಕೊಟ್ಟ ಮಾತು ಮಾತೇ. ದಿನಾ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಸದಾಶಿವಯ್ಯನ ತೋಟಕ್ಕೆ ಒಬ್ಬನೇ ಹೋಗಿ ಡ್ರಮ್ ಬಾರಿಸಿದ. ಭಾನುವಾರ ರೂಪಶ್ರೀ ಬಂದು ಬೇಸ್ ನುಡಿಸುತ್ತಾ ತಾನೇ ಹಾಡಿದಳು. ಸಂಭಾವನೆ ತಲೆಗೆರಡು ಎಳನೀರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಗಾದೆ ನಮ್ಮಲ್ಲಿದೆ, ಕೋತಿಯ ಮುಂದೆ ಡ್ರಮ್ ಬಾರಿಸಿದ ಗಾದೆಗೆ ಇನ್ನೂ ಜಾಗ ಖಾಲಿ ಇದೆ. ಮೊದಲ ವಾರ ಕೋತಿಗಳು ದಿಕ್ಕಾಪಾಲಾದವು. ಎರಡನೇ ವಾರ ದೂರದ ಮರಗಳಿಂದ ಇಣುಕಿದವು.

ಮೂರನೇ ಭಾನುವಾರ ಹನ್ನೊಂದು ಕೋತಿಗಳು ಬಂದು ಒಣ ಮಟ್ಟೆಯ ರಾಶಿಯ ಮೇಲೆ ಕೂತವು. ಒಂದು ತಾಯಿ ಮರಿಯ ಹೇನು ಹೆಕ್ಕುತ್ತಿತ್ತು, ಮುದಿಗಂಡೊಂದು ಗಲ್ಲ ಕೆರೆದುಕೊಳ್ಳುತ್ತಿತ್ತು. ಮೂರು ನಿಮಿಷದ ಮೌನವನ್ನು ಅವು ಗೊಣಗದೆ ಸಹಿಸಿದವು. ನಾಲ್ಕು ಕಳೆಯಿತು. ಐದು ಕಳೆಯಿತು. ಆರನೇ ನಿಮಿಷಕ್ಕೆ ಸದಾಶಿವಯ್ಯ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದ.

“ನಿಲ್ಸ್ಲಾ! ಓಡ್ಸು ಅಂದ್ರೆ ಕೂರ್ಸ್ಕಂಡ್ ಕಚೇರಿ ಮಾಡ್ತಿದೀಯ!”

ದೊಡ್ಡವರ ಮಾತು ಮೀರಿದವನಲ್ಲ ಷಡಕ್ಷರಿ. ಅವತ್ತು ಮೀರಿದ. ಕಣ್ಣು ಮುಚ್ಚಿ ರೈಲನ್ನು ಹೊರಡಿಸಿದ. ಕಣ್ಣು ಬಿಟ್ಟಾಗ ಹನ್ನೊಂದೂ ಕೂತಲ್ಲೇ ಇದ್ದವು. ಸದಾಶಿವಯ್ಯನೂ ದೊಣ್ಣೆ ಊರಿಕೊಂಡು ನಿಂತಿದ್ದ.

“ನಾಳೆಯಿಂದ ಬರ್ಬ್ಯಾಡ” ಎಂದ ಸದಾಶಿವಯ್ಯ.

ರೂಪಶ್ರೀ ಮಟ್ಟೆ ರಾಶಿಯ ಫೋಟೋ ತೆಗೆದು, ಕೆಳಗೆ ‘ಹೌಸ್‌ಫುಲ್’ ಎಂದು ಬರೆದು, ಬ್ಯಾಂಡಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಿದ್ದಾರ್ಥ ಮೂರು ವಾರದಿಂದ ಅಲ್ಲಿ ತುಟಿ ಬಿಚ್ಚಿರಲಿಲ್ಲ. ಇಬ್ಬರೂ ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಅವನ ಒಂದು ಸಾಲು ಬಂತು.

“ಕೊನೇವರ್ಗೂ ಕೂತಿದ್ವಾ?”

ಷಡಕ್ಷರಿ ಎರಡು ಸಲ ತಪ್ಪು ಒತ್ತಿ, ಅಳಿಸಿ, ಮತ್ತೆ ಬರೆದ.

“ಕೂತಿದ್ವು ಕಣೋ. ನೀನಿರ್ಬೇಕಿತ್ತು.”