ಕೆಂಚಣ್ಣನ ಮೂಗು, ದಾಕ್ಷಾಯಿಣಿಯ ಮೀಟರು

ಹಿರಿಯೂರು ದಾಟಿ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಹೋದರೆ ಒಂದು ಸಣ್ಣ ಕಾರ್ಖಾನೆ. ಬಣ್ಣದ ಕಂಪನಿಗಳು ಬಳಸಿ ಬಿಟ್ಟ ಥಿನ್ನರು, ಟಾಲ್ಯೂಯಿನ್‌ನಂಥ ದ್ರಾವಕಗಳು ಟ್ಯಾಂಕರುಗಳಲ್ಲಿ ಬಂದು, ಇಲ್ಲಿ ಕಾದು ಆವಿಯಾಗಿ, ಮತ್ತೆ ಶುದ್ಧವಾಗಿ ಹೋಗುತ್ತವೆ. ಹೊಳಲ್ಕೆರೆಯ ಹೆಣ್ಣುಮಗಳು ದಾಕ್ಷಾಯಿಣಿ ಅಲ್ಲಿ ಗಾಳಿ ಪರೀಕ್ಷೆ ಮಾಡುವವಳು. ಯಾರೇ ಟ್ಯಾಂಕಿಗೆ, ಕೊಳಕು ನೀರು ನಿಲ್ಲುವ ನೆಲದಡಿಯ ಸಂಪಿಗೆ ಇಳಿಯಬೇಕಾದರೂ ಮೊದಲು ಅವಳು ಬಂದು ಮೀಟರಿನ ಉದ್ದ ಪೈಪನ್ನು ಒಳಗೆ ಬಿಟ್ಟು, ಅಂಕಿ ನೋಡಿ, ಸರಿ ಎನ್ನಬೇಕು. ಆಮ್ಲಜನಕ ನೋಡಲು ಬೇರೆ ಮೀಟರಿತ್ತು. ಕಣ್ಣಿಗೆ ಕಾಣದ ಥಿನ್ನರಿನ ಆವಿಯನ್ನು ಹಿಡಿಯುತ್ತಿದ್ದುದು ಇದೊಂದೇ.

ಆ ಮೀಟರನ್ನು ಅವಳು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿ ಹೆಬ್ಬೆರಳಿಗಿಂತ ಚಿಕ್ಕದೊಂದು ದೀಪ. ಅದರ ಬೆಳಕಿಗೆ ಸಿಕ್ಕ ಆವಿ ಕರೆಂಟಾಗಿ, ಕರೆಂಟು ಅಂಕಿಯಾಗಿ ಕಾಣುತ್ತಿತ್ತು. ದೀಪದ ಗಾಜಿಗೆ ಮಸಿ ಕೂತರೆ ಅಂಕಿ ಸುಳ್ಳು ಹೇಳುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬಿಚ್ಚಿ, ಬೆರಳು ತಾಗಿಸದೆ, ಹತ್ತಿಯ ಕಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಳು. ದಿನಾ ಬೆಳಿಗ್ಗೆ ಗೇಟಿನ ಹತ್ತಿರದ ಒಳ್ಳೆಯ ಗಾಳಿಯಲ್ಲಿ ಸೊನ್ನೆಗೆ ತಂದು, ಸಣ್ಣ ಸಿಲಿಂಡರಿನ ಅನಿಲವನ್ನು ಅದರ ಬಾಯಿಗೆ ಕೊಟ್ಟು, ಬರಬೇಕಾದ ಅಂಕಿ ಬಂತೋ ಇಲ್ಲವೋ ನೋಡಿಕೊಂಡೇ ಒಳಗೆ ಬರುತ್ತಿದ್ದಳು.

ಇಷ್ಟೊಂದು ಜತನಕ್ಕೆ ಒಂದು ಕಾರಣವಿತ್ತು. ಅದು ಅವಳ ತಾಯಿಗೂ ಮಗಳು ಚೌಡೇಶ್ವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೊರೋನಾದಲ್ಲಿ ಮಲಗಿ ಎದ್ದ ಮೇಲೆ ದಾಕ್ಷಾಯಿಣಿಗೆ ವಾಸನೆ ಹೋಗಿತ್ತು. ಎಲ್ಲರಿಗೂ ವಾಪಸು ಬಂತು, ಅವಳಿಗೆ ಬರಲಿಲ್ಲ. ಒಲೆಯ ಮೇಲೆ ಹಾಲು ಸೀದು ತಳ ಹತ್ತಿದರೂ ಮಗಳು ಕೂಗಿ ಹೇಳಬೇಕು. ಚಿತ್ರದುರ್ಗದ ಡಾಕ್ಟರು ಕಾಯಿರಿ ಅಂದರು, ಆಮೇಲೆ ಅದನ್ನೂ ಅನ್ನಲಿಲ್ಲ.

ಕಾರ್ಖಾನೆಯಲ್ಲಿ ಹೇಳಲು ಅವಳ ಹಳೆಯ ಹೆಸರೇ ಅಡ್ಡವಾಯಿತು. ಕಾಯಿಲೆಗೆ ಮುಂಚೆ ಒಂದು ಸಲ, ಮೀಟರು ಆನ್ ಮಾಡುವ ಮೊದಲೇ ಅವಳು ವಾಸನೆಯಿಂದಲೇ ತಿಳಿದು ಕೆಂಚಣ್ಣನ ತೋಳು ಹಿಡಿದು ಟ್ಯಾಂಕಿನ ಬಾಯಿಂದ ಹಿಂದಕ್ಕೆ ಎಳೆದಿದ್ದಳು. ಒಳಗೆ ಆವಿ ತುಂಬಿತ್ತು. ಸಂಪು ತೊಳೆಯುವ ಕೆಲಸದ ಕೆಂಚಣ್ಣ ಬಾಗೂರಿನವನು, ವಯಸ್ಸಾದವನು. ಅಂದಿನಿಂದ ಅವನಿಗೆ ಮೀಟರಿಗಿಂತ ಅವಳ ಮೂಗಿನ ಮೇಲೆ ನಂಬಿಕೆ. ದಾಕ್ಷಾಣಮ್ಮ ಪಕ್ಕದಲ್ಲಿ ನಿಂತರೆ ಸಾಕು, ಕಣ್ಣು ಮುಚ್ಚಿ ಇಳಿಯುತ್ತೇನೆ ಎನ್ನುತ್ತಿದ್ದ. ಅವನ ಹೆಂಡತಿ ಮಲ್ಲಕ್ಕ ಅಲ್ಲೇ ಅಂಗಳ ಗುಡಿಸುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ದಾಕ್ಷಾಯಿಣಿಗೆ ರೊಟ್ಟಿ, ಚಟ್ನಿಪುಡಿ ಎತ್ತಿಡುತ್ತಿದ್ದಳು. ಘಮ ಹೆಂಗೈತೆ ಎಂದು ಮಲ್ಲಕ್ಕ ಕೇಳಿದಾಗಲೆಲ್ಲ ದಾಕ್ಷಾಯಿಣಿ ಚೆನ್ನಾಗೈತೆ ಅನ್ನುತ್ತಿದ್ದಳು. ಪರೀಕ್ಷೆಗೆ ಮೂಗನ್ನು ನಂಬಬಾರದೆಂದೇ ನಿಯಮವಿದೆ, ಮೀಟರು ಸರಿಯಿದ್ದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೇ ವರ್ಷಗಳು ಕಳೆದವು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೊಳಕು ನೀರಿನ ಸಂಪು ಕಟ್ಟಿಕೊಂಡಿತು. ಟ್ಯಾಂಕರು ಹೊರಗೆ ಕಾಯುತ್ತಿತ್ತು. ಸೂಪರ್‌ವೈಸರ್ ಶಿವಕುಮಾರಪ್ಪ ಬೇಗ ಮುಗಿಸಿರಿ ಎಂದು ಓಡಾಡುತ್ತಿದ್ದ. ಬ್ಲೋವರ್ ಹಾಕಿ ಗಾಳಿ ಆಡಿಸಿದ್ದರು. ದಾಕ್ಷಾಯಿಣಿ ಪೈಪನ್ನು ತಳದವರೆಗೆ ಇಳಿಬಿಟ್ಟು ಕಾದಳು. ಅಂಕಿ ಸೊನ್ನೆಯ ಹತ್ತಿರವೇ ನಿಂತಿತು. ಕೆಂಚಣ್ಣ ಸೊಂಟಕ್ಕೆ ಬೆಲ್ಟು ಕಟ್ಟಿ, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ತಡೆದ. ಥಿನ್ನರು ಗಮಟು ಹೊಡೀತೈತೆ ಎಂದ.

ಶಿವಕುಮಾರಪ್ಪ ಈ ಜಾಗ ಯಾವಾಗ ನಾರುವುದಿಲ್ಲ ಎಂದು ಗೊಣಗಿದ. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿ, "ಮೇಡಂ, ನೀವೇ ಹೇಳ್ರಿ. ನಿಮ್ಗೇನಾದ್ರೂ ವಾಸ್ನೆ ಬರ್ತೈತಾ?" ಎಂದ.

ಕೆಂಚಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಇಲ್ಲ ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅವನು ಇಳಿದುಬಿಡುತ್ತಿದ್ದ. ಮೀಟರು ಬೆಳಿಗ್ಗೆ ತಾನೇ ಸರಿಯಾದ ಅಂಕಿ ತೋರಿಸಿತ್ತು, ದೀಪ ಒರೆಸಿ ಎರಡು ದಿನವೂ ಆಗಿರಲಿಲ್ಲ.

"ನನ್ನ ಕೇಳಬ್ಯಾಡ್ರಿ ಸಾರ್," ಎಂದಳು. "ಕೊರೋನಾ ಬಂದಾಗಿಂದ ನನಗೆ ವಾಸ್ನೆ ಗೊತ್ತಾಗಲ್ಲ. ಕೆಂಚಣ್ಣ, ನೀನು ಮೇಲೆ ಬಾ."

ಕೆಂಚಣ್ಣ ಕಾಲನ್ನು ಮೇಲಕ್ಕೆ ಎಳೆದುಕೊಂಡ. ಅವಳು ಪೈಪನ್ನು ಹೊರಗೆ ತೆಗೆದು, ಜೇಬಿನ ಮಾರ್ಕರ್ ಪೆನ್ನಿನ ಮುಚ್ಚಳ ಬಿಚ್ಚಿ, ಅದರ ತುದಿಯನ್ನು ಪೈಪಿನ ಬಾಯಿಗೆ ಹಿಡಿದಳು. ಪೆನ್ನಿನ ಆವಿಗೆ ಅಂಕಿ ಏರಬೇಕಿತ್ತು, ಏರಲಿಲ್ಲ. ಪೈಪು ಕಳಚಿ ಪೆನ್ನನ್ನು ನೇರ ಮೀಟರಿನ ಬಾಯಿಗೇ ಹಿಡಿದಾಗ ಅಂಕಿ ಜಿಗಿಯಿತು. ಪೈಪನ್ನು ಬೆಳಕಿಗೆ ಬಾಗಿಸಿ ನೋಡಿದಳು. ಮೀಟರಿಗೆ ಸೇರುವ ಕಡೆ ಕೂದಲಿನಷ್ಟು ಸಣ್ಣ ಸೀಳಿತ್ತು. ಮೀಟರು ಸಂಪಿನ ತಳದ ಗಾಳಿಯ ಬದಲು ಅವರೆಲ್ಲ ನಿಂತಿದ್ದ ಅಂಗಳದ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಅನಿಲ ಕೊಟ್ಟು ನೋಡುವಾಗ ಅವಳು ಪೈಪು ಹಾಕಿರುತ್ತಿರಲಿಲ್ಲ. ಹಾಗೆ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಹೊಸ ಪೈಪು ತಂದು ಮತ್ತೆ ಇಳಿಬಿಟ್ಟಾಗ ಮೀಟರು ಕಿರುಚಿಕೊಂಡಿತು. ಸಂಪಿನ ಮೂಲೆಯ ಕೆಸರಿನಡಿ ಥಿನ್ನರು ನಿಂತಿದ್ದುದು ಆಮೇಲೆ ತಿಳಿಯಿತು.

ಸಾವಿನ ಬಾಯಿಂದ ತಪ್ಪಿಸಿಕೊಂಡವನು ಕೈ ಮುಗಿಯುತ್ತಾನೆ ಎಂದು ಅವಳು ಕಾದಿರಲಿಲ್ಲ, ಸುಮ್ಮನಿರುತ್ತಾನೆ ಅಂದುಕೊಂಡಿದ್ದಳು. ಕೆಂಚಣ್ಣ ಬೆಲ್ಟು ಬಿಚ್ಚಿ ನೆಲಕ್ಕೆ ಹಾಕಿದ.

"ಇಷ್ಟು ವರ್ಸ ನಿನ್ನ ಮುಖ ನೋಡಿ ಇಳ್ದೆ ಕಣಮ್ಮ," ಎಂದ. "ಒಂದು ಮಾತು ಹೇಳಿದ್ರೆ ನನ್ನ ಮೂಗನ್ನ ನಾನೇ ನಂಬ್ಕಂತಿದ್ದೆ."

ಮಧ್ಯಾಹ್ನ ಮಲ್ಲಕ್ಕ ಬುತ್ತಿ ತೆಗೆದುಕೊಂಡು ಗೋಡೆಯ ಆಚೆ ಹೋಗಿ ಕೂತಳು.

ಮ್ಯಾನೇಜರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಮೂಗು ಕೆಲಸದ ಅರ್ಹತೆಯೇ ಅಲ್ಲ ಎಂದರು. ಮೀಟರನ್ನು ಪೈಪು ಸಮೇತ ಪರೀಕ್ಷಿಸಬೇಕೆಂದು ಬರೆಸಿ ಹಾಕಿಸಿದರು. ಶಿವಕುಮಾರಪ್ಪನೂ ಎಲ್ಲರ ಮುಂದೆ ಅವಳ ಪರವಾಗಿಯೇ ಮಾತಾಡಿದ. ಆದರೂ ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಣ್ಣೆದುರು ಬರುತ್ತಿದ್ದುದು ಆ ಸೀಳು. ಅದು ಯಾವತ್ತು ಬಿಟ್ಟಿತೋ? ಆ ಸೀಳಿನೊಂದಿಗೇ ತಾನು ಎಷ್ಟು ಸಲ ಸರಿ ಎಂದಿದ್ದಳೋ, ಅವನು ಎಷ್ಟು ಸಲ ಇಳಿದಿದ್ದನೋ? ಚೌಡೇಶ್ವರಿ ಊಟಕ್ಕೆ ಕರೆದರೂ ಅವಳು ತಟ್ಟೆಯ ಮುಂದೆ ಹಾಗೇ ಕೂತಿರುತ್ತಿದ್ದಳು.

ಕೆಂಚಣ್ಣ ಮತ್ತೆ ಸಂಪಿಗೆ ಇಳಿಯಲಿಲ್ಲ. ಹೊಸದುರ್ಗದ ಕಡೆ ತೆಂಗಿನಕಾಯಿ ಸುಲಿಯುವ ಕೆಲಸ ಹಿಡಿದು ಗಂಡ ಹೆಂಡತಿ ಇಬ್ಬರೂ ಹೋದರು. ಹೋಗುವ ದಿನ ದಾಕ್ಷಾಯಿಣಿ ಗೇಟಿನವರೆಗೂ ಬಂದಳು. ಮಲ್ಲಕ್ಕ ಆಟೋದಲ್ಲಿ ಕೂತು ಸೆರಗು ಸರಿಮಾಡಿಕೊಂಡು, "ಮಗಳಿಗೆ ಮನೇಲಿ ಗ್ಯಾಸ್ ನೋಡ್ಕಳಕ್ಕೆ ಹೇಳು," ಎಂದಳು. ಅಷ್ಟೇ ಮಾತು. ಕೆಂಚಣ್ಣ ಮುಂದಿನ ಸೀಟಿನಿಂದ ತಿರುಗಲಿಲ್ಲ.

ಅವನ ಜಾಗಕ್ಕೆ ಅಂಜನ್ ಎಂಬವನು ಬಂದ. ಮೊದಲ ಸಲ ಸಂಪಿನ ಹತ್ತಿರ ನಿಂತಾಗ, ಮೀಟರು ಆನ್ ಮಾಡುವ ಮೊದಲೇ, ದಾಕ್ಷಾಯಿಣಿ ತನಗೆ ವಾಸನೆ ಬರುವುದಿಲ್ಲವೆಂದು ಅವನಿಗೆ ಹೇಳಿದಳು. ನಿನಗೇನಾದರೂ ಅನುಮಾನ ಬಂದರೆ ಮೀಟರು ಏನೇ ತೋರಿಸಲಿ, ಇಳಿಯಬೇಡ ಎಂದಳು. ಅವನು ತಲೆಯಾಡಿಸಿದ. ಅವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ ತಿಳಿಯದೆ ಅವಳು ಇನ್ನೊಮ್ಮೆ ಹೇಳಿದಳು.