ಮೂರು ತೂತಿನ ತೊಗಲು ಪಟ್ಟಿ

ಟಿಪ್ಟನ್ ಊರಿನ ಕಾಲುವೆಯಲ್ಲಿ ಕಲ್ಲಿದ್ದಲಿನ ದೋಣಿ ನಡೆಸಿದ ಕೊನೆಯ ಹೆಂಗಸರಲ್ಲಿ ಹೆಸ್ಟರ್ ಟಾಲಿ ಒಬ್ಬಳು. ಹುಟ್ಟಿದ್ದು ದೋಣಿಯಲ್ಲಿ, ಹೆತ್ತದ್ದೂ ದೋಣಿಯಲ್ಲಿ. ಅಕ್ಷರ ಒಲಿಯಲಿಲ್ಲ, ಆದರೆ ದಂಡೆಯ ಮೇಲೆ ಕುದುರೆ ಎಳೆಯುವ ಹಗ್ಗ ಯಾವ ಸೇತುವೆಯ ಮೂಲೆಗೆ ಉಜ್ಜುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಆ ಕಲ್ಲಿದ್ದಲು ಉರಿಸುತ್ತಿದ್ದ ಕುಲುಮೆಗಳೆಲ್ಲ ಈಗ ಆರಿವೆ. ಕುದುರೆ ನಡೆದ ಹಾದಿಯಲ್ಲಿ ಭಾನುವಾರದ ಜನ ನಾಯಿ ಅಡ್ಡಾಡಿಸುತ್ತಾರೆ. ಅವಳ ಹಳೆಯ ದೋಣಿಗೆ ಬಣ್ಣ ಬಳಿದು ವಸ್ತುಸಂಗ್ರಹಾಲಯದವರು ನಿಲ್ಲಿಸಿದ್ದಾರೆ. ಎಪ್ಪತ್ತೆಂಟರ ಮುದುಕಿ ಪಕ್ಕದಲ್ಲಿ ಕೂತು ಬಂದವರಿಗೆ ಕಥೆ ಹೇಳಬೇಕು. ಬದುಕಿದ್ದಾಗಲೇ ತಿಥಿ ಮಾಡಿದ ಹಾಗೆ!

ದೋಣಿಯ ಪುಟ್ಟ ಕೋಣೆಯ ಮಾಡಿನ ಮೇಲೊಂದು ಕಬ್ಬಿಣದ ಬಳೆ, ಅದಕ್ಕೊಂದು ತೊಗಲು ಪಟ್ಟಿ. ತಾಯಿ ಚುಕ್ಕಾಣಿ ಹಿಡಿದಾಗ ಮಗು ನೀರಿಗೆ ಬೀಳದಂತೆ ಅದರ ನಡುವಿಗೆ ಬಿಗಿದು ಕಟ್ಟುವುದು ದೋಣಿಯವರ ವಾಡಿಕೆ. ಮಗುವಿನ ಪ್ರತಿ ಹುಟ್ಟುಹಬ್ಬಕ್ಕೆ ಪಟ್ಟಿಗೆ ಹೊಸ ತೂತು ಕೊರೆಯುತ್ತಿದ್ದರು. ಅವರ ಸಂಭ್ರಮ ಅಷ್ಟೇ.

ನೋಡಲು ಬಂದವರು ಮೂಗು ಮುರಿದರು. ಸಂಗ್ರಹಾಲಯದ ಮೇಲ್ವಿಚಾರಕ ಪಾರ್ಗೆಟರ್ ಒಂದು ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಮಾಡು ಹತ್ತಿದ. ಬಳೆಯ ಒಂದು ಸ್ಕ್ರೂ ಸಡಿಲಿಸಿಯೂ ಬಿಟ್ಟ.

"ಬೇಜಾರು ಮಾಡ್ಕೋಬೇಡಿ ಮಿಸೆಸ್ ಟಾಲಿ. ನಾಯಿ ಕಟ್ಟಿದ ಹಾಗೆ ಕಟ್ಟೋರಾ ಅಂತ ಜನ ಬೈತಾರೆ. ಇದನ್ನ ಒಳಗಿಡ್ತೀನಿ."

"ದೋಣಿ ಬಾಗಿಲ ಮೇಲೆ ಬರೆದಿರೋ ಬಣ್ಣದ ಹೂವು ಬೇಕು, ನಮ್ಮ ಬಾಳು ಬೇಡ, ಅಲ್ವಾ? ಕೈ ತೆಗಿ ಅದರ ಮೇಲಿಂದ!"

"ನೀವೂ ಹೆತ್ತೋರು. ನಿಮಗೆ ಅಯ್ಯೋ ಅನ್ನಿಸ್ತಿರ್ಲಿಲ್ವಾ?"

ಹೆಸ್ಟರಳಿಗೆ ಸಿಟ್ಟು ನೆತ್ತಿಗೇರಿತು. ಹಾಗೆಯೇ ಇಳಿದೂಹೋಯಿತು. ಐವತ್ತು ವರ್ಷ ಯಾರಿಗೂ ಹೇಳದ್ದು ಬಾಯಿಗೆ ಬಂತು.

"ಅನ್ನಿಸ್ತು ಮಗನೇ, ಒಂದೇ ದಿನ. ದಂಡೆ ಮೇಲಿದ್ದ ಅಮ್ಮಾವ್ರೊಬ್ರು ನಾಲ್ಕು ಜನರ ಎದುರು ಕೇಳಿದ್ರು, ನೀನೆಂಥ ತಾಯಿ ಅಂತ. ನಾಚಿಕೆಯಾಗಿ ಬಿಚ್ಬಿಟ್ಟೆ. ನನ್ನ ಮಗಳು ನೆಲ್ಲಿ ಖುಷಿಯಿಂದ ಕುಣಿದ್ಲು."

ಬಾಗಿಲು ಮುಚ್ಚಿ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಎದುರಿನ ಇಕ್ಕಟ್ಟಾದ ಕಲ್ಲುತೊಟ್ಟಿಯತ್ತ ಬೆರಳು ತೋರಿದಳು.

"ಅಲ್ಲಿ. ದೋಣಿಗೂ ಗೋಡೆಗೂ ನಡುವೆ ಬಿದ್ಲು. ನಾನು ತೊಟ್ಟಿಯ ಬಾಗಿಲು ತಳ್ತಿದ್ದೆ. ನೀರಿನ ಸದ್ದಿಗೆ ಕೂಗಿದ್ದೂ ಕೇಳ್ಲಿಲ್ಲ."

ಪಾರ್ಗೆಟರ್ ಮುಖ ಎತ್ತಲಾರದೆ ಪಟ್ಟಿಯನ್ನೇ ನೋಡಿದ. ಏನಾದರೂ ಅನ್ನಬೇಕಲ್ಲ ಎಂದು, "ಮೂರೇ ತೂತಿವೆ" ಎಂದ.

"ನಾಲ್ಕನೇದಕ್ಕೆ ಒಂಬತ್ತು ದಿನ ಇತ್ತು."

ಅವನು ಸಡಿಲಿಸಿದ ಸ್ಕ್ರೂವನ್ನು ಮತ್ತೆ ತಿರುಗಿಸಿದ. ಸಾಕೆಂದು ಎದ್ದಾಗ ಹೆಸ್ಟರ್ ಕೆಳಗಿನಿಂದಲೇ ಅಂದಳು:

"ಇನ್ನೊಂದು ಸುತ್ತು ಬಿಗಿ ಮಾಡು."